ಅಪ್ಪ ತಿದ್ದದ ತಪ್ಪು

ಶನಿವಾರ, ಮದ್ಯಾನ

ಎಲೇ ಒಂಟಿ,

"ಪ್ರೀತಿಯ ಗೆಳತಿಗೆ ಸವಿನೆನಪುಗಳು" ಅಂತ ಶುರು ಮಾಡಿದ್ದೀಯಲ್ಲ, ಯಾರೇ ಸತ್ತಿದ್ದು?

ಎರಡು ವರ್ಷದಿಂದ ನನಗೆ ಪತ್ರ ಬರೆಯುತ್ತಿದ್ದೀಯ. ಒಂದು ಸಲವಾದರೂ ಬೈಗುಳವಿಲ್ಲದೆ ಶುರು ಮಾಡಿದ್ದುಂಟಾ? "ಲೇ ಕುಂಟಿ, ಇನ್ನೂ ಬದುಕಿದ್ದೀಯಾ" ಎನ್ನುವುದೇ ನಿನ್ನ ಕುಶಲ ಪ್ರಶ್ನೆ. ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಮಂಚದಲ್ಲಿ ಮಲಗಿದ್ದಾಗ, ನಿನ್ನ ಬಲಗೈ ತೆಗೆದ ಮರುದಿನ ನಾನು ನಿನಗೆ ಒಂಟಿ ಎಂದು ಹೆಸರಿಟ್ಟೆ. ನನ್ನ ಮಂಡಿಯ ಮೇಲಿನ ಮೂಳೆ ಕತ್ತರಿಸಿ ಲೋಹದ ಕೀಲು ಕೂರಿಸಿದ ಮೇಲೆ ನೀನು ನನ್ನನ್ನು ಕುಂಟಿ ಎಂದೆ. ಇಬ್ಬರಿಗೂ ಮೂಳೆ ಕ್ಯಾನ್ಸರ್, ಇಬ್ಬರಿಗೂ ಅದೇ ಔಷಧಿಯ ಬಾಟಲಿ, ಇಬ್ಬರದೂ ಬೋಳು ತಲೆ. ಅಂದಿನಿಂದ ನಮ್ಮಿಬ್ಬರ ನಡುವೆ ಮರ್ಯಾದೆ ಎನ್ನುವುದು ಸುಳಿದಿಲ್ಲ. ಎಡಗೈಗೆ ಅಕ್ಷರ ಕೂರಲಿ ಎಂದು ದಿನಕ್ಕೊಂದು ಪುಟ ಬರೆಯಲು ಆಸ್ಪತ್ರೆಯವರು ನಿನಗೆ ಹೇಳಿದ್ದರಿಂದ ತಾನೇ ಈ ಪತ್ರಗಳು ಹುಟ್ಟಿದ್ದು? ಇಲ್ಲದಿದ್ದರೆ ಈ ಕಾಲದಲ್ಲಿ ಅಂಚೆಯಣ್ಣನಿಗೆ ನಮ್ಮ ಮನೆಯ ದಾರಿ ಯಾರು ತೋರಿಸುತ್ತಿದ್ದರು!

ಈಗ ಇದ್ದಕ್ಕಿದ್ದ ಹಾಗೆ ಸವಿನೆನಪು. ಕೊನೆಯಲ್ಲಿ "ಆರೋಗ್ಯ ನೋಡಿಕೋ" ಎಂಬ ಉಪದೇಶ ಬೇರೆ. ಯಾರೋ ನಿನಗೆ ಫೋನ್ ಮಾಡಿದ್ದಾರೆ. ಯಾರು ಎಂದು ನೀನು ಹೇಳುವುದಿಲ್ಲ, ಗೊತ್ತು. ನಾನೇ ಹೇಳುತ್ತೇನೆ, ತಾಳು.

ನಮ್ಮ ಮನೆಯಲ್ಲಿ ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದಾರೆ. ಇದಕ್ಕಿಂತ ಭಯಂಕರ ಸುದ್ದಿ ಇನ್ನೇನು ಬೇಕು?

ಮೊದಲು ಅಮ್ಮನನ್ನು ತೆಗೆದುಕೋ. ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವ ಕೆಲಸ ಅವಳದು. ಮನೆಗೆ ಬಂದರೂ ಗಂಟಲು ಇಳಿಯುವುದಿಲ್ಲ. "ಸ್ನಾನಕ್ಕೆ ಹೊರಡುವವರು ಕೂಡಲೇ ಹೊರಡಬೇಕು" ಎಂದರೆ ಮೂರು ಮನೆ ಆಚೆಯವರೂ ಎದ್ದು ಸ್ನಾನ ಮಾಡಬೇಕು, ಹಾಗೆ. ಅಂಥ ಅಮ್ಮ ಈಗ ಪಿಸುಮಾತಿಗೆ ಇಳಿದಿದ್ದಾಳೆ. ಬೆಳಿಗ್ಗೆ ನಾನು ಹಲ್ಲು ಬಾಚಿ ಬರುವಷ್ಟರಲ್ಲಿ ಹಾಸಿಗೆ ಮಡಚಿರುತ್ತಾಳೆ, ಹಾಲು ಬಿಸಿಯಾಗಿರುತ್ತದೆ, ಬ್ರೆಡ್ಡಿನ ಅಂಚು ಕತ್ತರಿಸಿರುತ್ತದೆ. ಅಂಚು ಕತ್ತರಿಸಿದ ಬ್ರೆಡ್ಡು! ವಾಂತಿಯ ದಿನಗಳಲ್ಲೂ ನನಗೆ ಆ ಭಾಗ್ಯ ಸಿಕ್ಕಿರಲಿಲ್ಲ.

ಅಕ್ಕನ ಕಥೆ ಇನ್ನೂ ಗುಮಾನಿಯದು. ಕಿಟಕಿ ಪಕ್ಕದ ಮಂಚಕ್ಕಾಗಿ ನಾವಿಬ್ಬರೂ ಹುಟ್ಟಿದಾಗಿನಿಂದ ಹಾವು ಮುಂಗುಸಿ. ನನ್ನ ಕಾಲಿನ ಆಪರೇಷನ್ ಆದಾಗಲೂ ಅವಳು ಅದನ್ನು ಬಿಟ್ಟುಕೊಟ್ಟವಳಲ್ಲ. "ಕಾಲು ತಾನೇ ಹೋಗಿದ್ದು, ಕಿಟಕಿ ನೋಡೋದಕ್ಕೆ ಕಾಲ್ಯಾಕೆ" ಎಂದವಳು. ಹೋದ ವಾರ ತಾನಾಗಿಯೇ ತನ್ನ ದಿಂಬು ಎತ್ತಿಕೊಂಡು ಗೋಡೆ ಕಡೆ ಹೋದಳು. ಅದಕ್ಕೂ ಎರಡು ದಿನ ಮುಂಚೆ ನಾನು ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದಾಗ ತಲೆನೋವು ಬರುತ್ತಿತ್ತು, ಹೊಸ ಕನ್ನಡಕದ ದೋಷವೇ ಇರಬೇಕು ಎಂದು ಜಗಳ ಮಾಡಲು ಹೋದದ್ದು. ಒಂದು ಯಂತ್ರದೊಳಗೆ ಮುಖ ಇಡಿಸಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರು, ಪಕ್ಕದಲ್ಲಿ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತು ಎಂದಳು. ಒತ್ತಿದೆ. ಇನ್ನೊಂದು ಸಲ ಮಾಡು ಎಂದಳು. ಮಾಡಿದೆ. ಆಮೇಲೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, "ಇದು ಕೆಟ್ಟಿದೆ ಕಣೇ, ನೀನು ಮನೆಗೆ ಹೋಗು" ಎಂದಳು. ನಾನು ಬಾಗಿಲು ದಾಟಿ ತಿರುಗಿ ನೋಡುತ್ತೇನೆ, ಅದೇ ಕೆಟ್ಟ ಯಂತ್ರದ ಮುಂದೆ ಒಬ್ಬ ಅಜ್ಜನನ್ನು ಕೂರಿಸುತ್ತಿದ್ದಾಳೆ!

ಅವತ್ತು ರಾತ್ರಿ ಊಟದ ಹೊತ್ತಿಗೆ ಇನ್ನೊಂದು ನಡೆಯಿತು. ಸೂಪಿನ ಬಟ್ಟಲು ಮುಂದಿತ್ತು. "ಆ ಬಾಚಣಿಗೆ ಇತ್ತ ಕೊಡೇ" ಎಂದೆ ಅಕ್ಕನಿಗೆ. ಚಮಚ ಎನ್ನಬೇಕಿತ್ತು, ಬಾಯಿ ತಪ್ಪಿತು. ಯಾರಿಗೆ ತಪ್ಪುವುದಿಲ್ಲ ಹೇಳು. ಮಾತು ಹೊರಬಿದ್ದ ತಕ್ಷಣ ನನಗೇ ಗೊತ್ತಾಗಿ, ನಗು ಬರಲಿ ಎಂದು ಕಾದೆ. ನಮ್ಮ ಮನೆಯಲ್ಲಿ ಇಂಥದ್ದೊಂದು ಸಿಕ್ಕಿದರೆ ಒಂದು ತಿಂಗಳು ಬಂಡವಾಳ. ಸೂಪು ಬಾಚಿಕೊಂಡು ಜಡೆ ಹಾಕಿಕೋ ಎಂದು ಅಕ್ಕ ಪ್ರಾಣ ತಿನ್ನಬೇಕಿತ್ತು. ಅವಳು ತಲೆ ತಗ್ಗಿಸಿಕೊಂಡು ಸುಮ್ಮನೆ ಚಮಚ ಕೊಟ್ಟಳು. ಅಮ್ಮ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಅಪ್ಪ ತಟ್ಟೆ ನೋಡುತ್ತಿದ್ದರು.

ಒಂಟಿ, ಅಪ್ಪನೇ ನನ್ನ ಅನುಮಾನದ ತಾಯಿಬೇರು.

ನಮ್ಮಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದುವವರು ಎಂದು ನಿನಗೆ ಗೊತ್ತು. ಮಕ್ಕಳ ಪಠ್ಯಪುಸ್ತಕ ಅವರ ಕಣ್ಣಿನಡಿ ಹಾಯದೆ ಹೊರಗೆ ಹೋಗುವುದಿಲ್ಲ. ನಾನು ತೊದಲು ಮಾತಾಡುವಾಗಲೇ ಅಲ್ಪಪ್ರಾಣ ಮಹಾಪ್ರಾಣ ತಿದ್ದಿದವರು. ಆಪರೇಷನ್ನಿಗೆ ಕರೆದೊಯ್ಯುವಾಗ ನಾನು "ಅಪ್ಪಾ, ಬಯ ಆಗ್ತಿದೆ" ಎಂದು ಅತ್ತರೆ, ತಳ್ಳುಗಾಡಿಯ ಜೊತೆ ಓಡುತ್ತಾ "ಭಯ, ಮಗಳೇ, ಭ, ಹೊಟ್ಟೆಯಿಂದ ಬರ್ಬೇಕು" ಎಂದವರು. ಆ ಹೊತ್ತಿನಲ್ಲೂ ನನಗೆ ನಗು ಬಂದಿತ್ತು. ಅವರ ಮೇಜಿನ ಕಾಲ ಬಳಿ ಕೂತೇ ನಾನು ಅವರ ಗುರುತುಗಳನ್ನೆಲ್ಲ ಕಲಿತೆ. ಅದರಲ್ಲಿ ನನಗೆ ಇಷ್ಟವಾದದ್ದು ಒಂದೇ: ತಪ್ಪಿ ಹೊಡೆದು ಹಾಕಿದ ಪದವನ್ನು ಉಳಿಸಿಕೊಳ್ಳಬೇಕಾದರೆ ಅದರ ಕೆಳಗೆ ಸಾಲಾಗಿ ಚುಕ್ಕೆ ಇಟ್ಟು, ಅಂಚಿನಲ್ಲಿ "ಇರಲಿ" ಎಂದು ಬರೆಯುತ್ತಾರೆ. ಅಚ್ಚು ಜೋಡಿಸುವವರು ಅದನ್ನು ಮುಟ್ಟುವ ಹಾಗಿಲ್ಲ. ಅಮ್ಮ ಅವರ ಹಳೇ ಕೋಟು ಎಸೆಯಲು ಹೊರಟಾಗಲೆಲ್ಲ ಅಪ್ಪ ಕೂತಲ್ಲಿಂದಲೇ "ಚುಕ್ಕೆ ಇಟ್ಟಿದೀನಿ, ಇರಲಿ" ಎನ್ನುತ್ತಾರೆ. ಆ ಕೋಟು ಇನ್ನೂ ಇದೆ.

ಅಂಥ ಅಪ್ಪ ನನ್ನನ್ನು ತಿದ್ದುವುದನ್ನು ನಿಲ್ಲಿಸಿಬಿಟ್ಟಿದ್ದಾರೆ. ಅಕ್ಕನನ್ನು ತಿದ್ದುತ್ತಾರೆ, ಟಿವಿಯವರನ್ನು ತಿದ್ದುತ್ತಾರೆ, ಹಾಲಿನ ಪೊಟ್ಟಣದ ಮೇಲಿನ ಅಕ್ಷರಕ್ಕೂ ಬೈಯುತ್ತಾರೆ. ನಾನು ಬಾಯಿ ತೆರೆದರೆ ಮಾತ್ರ ಕಿವಿ ನಿಮಿರಿಸಿ ಕೇಳುತ್ತಾರೆ, ತುಟಿ ಬಿಗಿಹಿಡಿಯುತ್ತಾರೆ, ಸುಮ್ಮನಾಗುತ್ತಾರೆ. ನಿನ್ನೆ ಬೇಕೆಂದೇ ಹತ್ತಿರ ಹೋಗಿ "ಅಪ್ಪ, ಬಾಷೆ ಅಂದ್ರೆ ಬಾರೀ ಕಷ್ಟ" ಎಂದೆ. ಎರಡು ಕೊಲೆ ಒಂದೇ ವಾಕ್ಯದಲ್ಲಿ! "ಹೌದು ಮಗಳೇ, ಕಷ್ಟ" ಎಂದರು.

ಮೊದಲು ಏನೆಂದುಕೊಂಡೆ ಗೊತ್ತಾ? ರೋಗ ಮರಳಿದೆ, ಎದೆಯ ಸ್ಕ್ಯಾನಿನಲ್ಲಿ ಏನೋ ಕಂಡಿದೆ, ನನ್ನಿಂದ ಮುಚ್ಚಿಟ್ಟಿದ್ದಾರೆ ಎಂದು. ನಮ್ಮ ಗರಗಸ ಡಾಕ್ಟರು ಶುರುವಿನಲ್ಲೇ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ನೆನಪಿದೆಯಲ್ಲ, "ಈ ರೋಗ ಮೂಳೆ ಬಿಟ್ಟು ಓಡಿದ್ರೆ ಸಾಮಾನ್ಯವಾಗಿ ಶ್ವಾಸಕೋಶಕ್ಕೇ ಓಡೋದು, ಅದಕ್ಕೇ ಎದೆ ಕಾಯ್ತಾ ಇರ್ತೀವಿ" ಎಂದು. ಹಾಗಾಗಿ ಯಾರನ್ನೂ ನಂಬದೆ ನಮ್ಮ ವಾರ್ಡಿನ ಸೂಜಿ ಸಿಸ್ಟರಿಗೆ ಫೋನ್ ಮಾಡಿದೆ. ಅವರಿಗೆ ಸುಳ್ಳು ಬರುವುದಿಲ್ಲ. "ನೋವಾಗಲ್ಲ" ಎಂದು ಒಂದು ದಿನವೂ ಹೇಳಿದವರಲ್ಲ. ನೋಡಿ ಹೇಳಿದರು, ನನ್ನ ಎದೆ ಕನ್ನಡಿಯಷ್ಟು ಸ್ವಚ್ಛ. ಅಂದರೆ ರೋಗವಲ್ಲ. ಹಾಗಾದರೆ ಏನು? ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರಾ? ಇಲ್ಲ, ಅವರಿಬ್ಬರೂ ಒಂದೇ ಕುರ್ಚಿಯ ತುದಿಯಲ್ಲಿ ಕೂತು ಗುಸುಗುಸು ಮಾಡುವುದನ್ನು ನೋಡಿದರೆ ಹೊಸದಾಗಿ ಮದುವೆಯಾದವರೆನಿಸುತ್ತದೆ. ಅಮ್ಮನಿಗೇ ಏನಾದರೂ ಆಗಿದೆಯಾ? ಹಾಗಿದ್ದರೆ ಬ್ರೆಡ್ಡಿನ ಅಂಚು ನನಗ್ಯಾಕೆ ಕತ್ತರಿಸಬೇಕು? ಗೋಡೆಯ ಮೇಲಿನ ಚಪ್ಪಲಿ ಹನ್ನೊಂದು ಹೊಡೆಯುವವರೆಗೆ ಕಣ್ಣು ಮುಚ್ಚಿಕೊಂಡು ಇದನ್ನೇ ಲೆಕ್ಕ ಹಾಕುತ್ತಿರುತ್ತೇನೆ. ಯಾವ ದಾರಿ ಹಿಡಿದರೂ ಕೊನೆಗೆ ನನ್ನ ಮಂಚಕ್ಕೇ ಬಂದು ನಿಲ್ಲುತ್ತದೆ.

ನಿನ್ನ ಊರಿಗೆ ಬರುವ ಮಾತನ್ನೂ ಹಾಗೇ ಮುಗಿಸಿದರು. ಪುಸ್ತಕ ಕಟ್ಟುವ ತರಬೇತಿಗೆ ಸೀಟು ಸಿಕ್ಕಿದಾಗ ಕುಣಿದವರು ಇವರೇ. ನೀನು ಕೋಣೆ ನೋಡಿ, ನನಗೆ ಮೆಟ್ಟಿಲು ಹತ್ತುವುದು ಕಟಿಣ ಎಂದು ನೆಲಮಹಡಿಯದೇ ಹಿಡಿದಿದ್ದೀಯ. ಅಮ್ಮ ಪೆಟ್ಟಿಗೆ ತಂದು ಅದರ ಮೇಲೆ ನನ್ನ ಹೆಸರು ಬರೆಸಿದ್ದಳು. ಈಗ ಪೆಟ್ಟಿಗೆ ಕಪಾಟಿನ ತಲೆಯ ಮೇಲಿದೆ. "ಮುಂದಿನ ಸಲ ಹೋದ್ರಾಯ್ತಲ್ಲ" ಎಂಬ ರಾಗ. ಕೇಳಿದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಇನ್ನು ಸೋಮವಾರದ್ದು ಕೇಳು. ನನ್ನ ಕಣ್ಣಿಗೆ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಯಂತೆ. ಮನೆಯವರೆಲ್ಲ ರಜೆ ಹಾಕಿ, ಬಾಗಿಲಿಗೆ ಕೊಡೆ ಹಾಕಿ ಒಟ್ಟಿಗೇ ಹೊರಡುವುದಂತೆ. ಒಂದು ಜೊತೆ ಕಣ್ಣಿಗೆ ಇಷ್ಟು ದೊಡ್ಡ ಮೆರವಣಿಗೆ! ಮೈಮೇಲೆ ಲೋಹದ್ದೇನೂ ಇರಬಾರದು, ಕಾಲಿನೊಳಗಿನ ಕೀಲು ಯಾವ ಲೋಹದ್ದು ಎಂದು ಮೊದಲೇ ತಿಳಿಸಬೇಕು, ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಅಮ್ಮ ಪಿಸುಗುಟ್ಟಿದಳು. ಕಣ್ಣು ನೋಡುವುದಕ್ಕೆ ಹೊಟ್ಟೆ ಯಾಕಮ್ಮ ಖಾಲಿ ಇರಬೇಕು ಎಂದೆ. ಹಾಲು ಉಕ್ಕಿತು ಎಂದು ಒಳಗೆ ಓಡಿದಳು. ಬುರುಡೆ ಬಿಡುವವರು ಸ್ವಲ್ಪ ತಯಾರಿಯನ್ನಾದರೂ ಮಾಡಿಕೊಳ್ಳಬಾರದಾ?

ನಾನು ನಿನ್ನ ಮೇಲೂ ಅವರ ಮೇಲೂ ಇಷ್ಟು ಎಗರಾಡುತ್ತಿದ್ದೇನೆ. ಆದರೆ ಒಂಟಿ, ನನ್ನ ಹತ್ತಿರವೂ ಒಂದು ಇದೆ. ನೀನು ಬೈಯಬಾರದು. ಹದಿನೈದು ದಿನದ ಹಿಂದೆ ಕೈಯಲ್ಲಿ ಲೋಟ ಹಿಡಿದಿದ್ದೆ, ಬಲಗೈ ನನ್ನದಲ್ಲ ಎನ್ನುವ ಹಾಗಾಯಿತು. ಬೆರಳುಗಳು ತಾವಾಗಿಯೇ ಕುಣಿದವು, ಲೋಟ ಬಿತ್ತು, ಕರೆಯೋಣವೆಂದರೆ ಬಾಯಿಂದ ಒಂದು ಪದ ಹೊರಡಲಿಲ್ಲ. ಅಮ್ಮ ಎನ್ನುವ ಪದ ಕೂಡ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಗಾಜು ಗುಡಿಸಿ, ಲೋಟ ಜಾರಿತು ಎಂದು ಹೇಳಿದೆ. ಯಾರಿಗೂ ಹೇಳಿಲ್ಲ. ಯಾಕೆಂದರೆ ಹೇಳಿದ ದಿನವೇ ಪೆಟ್ಟಿಗೆ ಕಪಾಟು ಹತ್ತುತ್ತಿತ್ತು. ಹೇಳದಿದ್ದರೂ ಹತ್ತಿತು, ಆ ಮಾತು ಬೇರೆ.

ನನಗೆ ಭಯವಾಗಿದೆ. ನೋಡು, ಮಹಾಪ್ರಾಣ ಹಾಕಿಯೇ ಬರೆದಿದ್ದೇನೆ.

ಹಾಗಾಗಿ ಒಂದು ಧೃಡ ನಿರ್ಧಾರ ಮಾಡಿದ್ದೇನೆ. ನೇರವಾಗಿ ಕೇಳುವ ಧೈರ್ಯ ನನಗಿಲ್ಲ, ನೇರವಾಗಿ ಹೇಳುವ ಧೈರ್ಯ ಅಪ್ಪನಿಗಿಲ್ಲ. ತಪ್ಪು ಹುಡುಕುವುದೊಂದೇ ನಮ್ಮಿಬ್ಬರಿಗೂ ಚೆನ್ನಾಗಿ ಬರುವ ಭಾಷೆ. ನಮ್ಮ ಮನೆಯಿಂದ ಯಾವ ಪತ್ರವೂ ಅಪ್ಪನ ಕಣ್ಣು ತಪ್ಪಿಸಿ ಅಂಚೆಗೆ ಬೀಳುತ್ತಿರಲಿಲ್ಲ. ಈಚೆಗೆ ನನ್ನವು ಬೀಳುತ್ತಿವೆ. ಈ ಪತ್ರವನ್ನು ಅಂಟಿಸದೆ ಅವರ ಮೇಜಿನ ಮೇಲೆ, ಕೆಂಪು ಪೆನ್ನಿನ ಪಕ್ಕದಲ್ಲಿ ಇಡುತ್ತೇನೆ. ಇದರಲ್ಲಿ ಬೇಕೆಂದೇ ಮೂರು ತಪ್ಪು ಇಟ್ಟಿದ್ದೇನೆ, ಅಪ್ಪನ ಮೈ ಉರಿಯುವಂಥವು. ಸೂಪಿನ ಹೊತ್ತಿನಲ್ಲಿ ಬಾಯಿ ತಪ್ಪಿದ್ದು ನಿಜ, ಆದರೆ ಕೈ ತಪ್ಪಿಲ್ಲ. ಮೂರೆಂದರೆ ಮೂರೇ. ಅಪ್ಪ ತಿದ್ದಿ ಕೊಟ್ಟರೆ ನಾನು ಮೊದಲಿನ ಮಗಳೇ, ಉಳಿದದ್ದೆಲ್ಲ ನನ್ನ ಹುಚ್ಚು. ಕೆಂಪು ಬೀಳದೆ ವಾಪಸು ಬಂದರೆ ನನಗೆ ತಿಳಿಯುತ್ತದೆ, ಆಮೇಲೆ ಯಾರೂ ನನಗೆ ಏನೂ ಹೇಳಬೇಕಿಲ್ಲ.

ಅಪ್ಪ, ಓದುತ್ತಿದ್ದೀರಿ ಎಂದು ಗೊತ್ತು. ಲೋಟದ ವಿಷಯ ಅಮ್ಮನಿಗೆ ಮೆಲ್ಲಗೆ ಹೇಳಿ.

ಒಂಟಿ, ತಿದ್ದಿ ಬಂದ ತಕ್ಷಣ ಲಕೋಟೆಗೆ ಉಪ್ಪು ಅಂಟಿಸಿ ನಾನೇ ನಡೆದು ಹೋಗಿ ಡಬ್ಬಿಗೆ ಹಾಕುತ್ತೇನೆ. ಕೆಳಗೆ ಸಹಿ ಮಾಡಿ ಅದರ ಮೇಲೆ ಒಂದು ಗೆರೆ ಎಳೆದಿದ್ದೇನೆ, ನೋಡಿಕೋ. ಕುಂಟಿ ಎಂದು ಕರೆಯಲು ನಿನಗೇ ಬಾಯಿ ಬಾರದ ಮೇಲೆ ಆ ಹೆಸರು ಇಟ್ಟುಕೊಂಡು ನಾನೇನು ಮಾಡಲಿ? ಹೊಡೆದು ಹಾಕಿದ್ದೇನೆ.

ನಿನ್ನ ಮೇಲೂ ನಂಬಿಕೆ ಕಳೆದುಕೊಂಡ,
ಕುಂಟಿ

ತಾ. ಕ.: ಭಾನುವಾರ ಬೆಳಿಗ್ಗೆ. ಪತ್ರ ವಾಪಸು ಬಂತು. ಅಪ್ಪನೇ ತಂದು, ನನ್ನ ಮಂಚದ ಕೆಳತುದಿಯಲ್ಲಿ ಕೂತು ಕೊಟ್ಟರು.

ಮೊದಲ ಪುಟದ ನೆತ್ತಿಯಲ್ಲೇ ಕೆಂಪು! "ಮದ್ಯಾನ" ಹೊಡೆದು "ಮಧ್ಯಾಹ್ನ" ಮಾಡಿ, ಅಂಚಿನಲ್ಲಿ "ಮದ್ಯ ಕುಡಿಯೋದು, ಮಧ್ಯ ನಡುವೆ ಇರೋದು" ಎಂಬ ಅವರ ಹಳೇ ಪಾಠ. ಮೆಟ್ಟಿಲು "ಕಠಿಣ"ವಾಗಿತ್ತು, ನಿರ್ಧಾರ "ದೃಢ"ವಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಹಾಸಿಗೆಯ ಮೇಲೇ ಎದ್ದು ಕೂತು ಚಪ್ಪಾಳೆ ತಟ್ಟಿದೆ. ಅಪ್ಪ ನಗಲಿಲ್ಲ. ಇನ್ನೊಂದು ಸಲ ನಿಧಾನವಾಗಿ ನೋಡು ಎಂದರು.

ಕೆಲವು ಕಡೆ ತಿದ್ದದೆ, ಬರೀ ತೆಳುವಾಗಿ ಒಂದು ಸುತ್ತು ಹಾಕಿದ್ದರು. ಹಲ್ಲು ಬಾಚಿ. ಓದಿದೆ, ಏನು ತಪ್ಪಿದೆ ಎಂದು ಮೊದಲು ಹೊಳೆಯಲೇ ಇಲ್ಲ. ಇನ್ನೊಮ್ಮೆ ಓದಿದೆ. ಗೋಡೆಯ ಮೇಲೆ ಚಪ್ಪಲಿ ಹನ್ನೊಂದು ಹೊಡೆಯುತ್ತದಂತೆ. ಬಾಗಿಲಿಗೆ ಬೀಗದ ಬದಲು ಕೊಡೆ. ಲಕೋಟೆಗೆ ಉಪ್ಪು. ಅಕ್ಷರ ನನ್ನದೇ, ಗುಂಡಗೆ, ಒಂದೂ ಕಾಗುಣಿತ ತಪ್ಪದೆ ಬರೆದಿದ್ದೇನೆ. ಇವನ್ನು ನಾನು ಇಟ್ಟಿರಲಿಲ್ಲ ಒಂಟಿ. ದೇವರಾಣೆಗೂ ಇಟ್ಟಿರಲಿಲ್ಲ.

ಇವು ಯಾರದಪ್ಪ ಎಂದು ಕೇಳಿದೆ. "ಆ ಮೂರು ನಿನ್ನ ತಪ್ಪು, ತಿದ್ದಿದೀನಿ. ಇವು ನಿನ್ನ ತಪ್ಪಲ್ಲ ಮಗಳೇ" ಎಂದರು. ಆಮೇಲೆ ಎಲ್ಲ ಹೇಳಿದರು. ಒಂದು ತಿಂಗಳಿಂದ ನನ್ನ ಮಾತಿನಲ್ಲಿ ಬೇರೆ ಜಾತಿಯ ತಪ್ಪು ಕೇಳುತ್ತಿದ್ದರಂತೆ, ತಿದ್ದಿದರೆ ನನಗೆ ಗೊತ್ತಾಗಿಬಿಡುತ್ತದೆ ಎಂದು ಹೆದರಿ ಎಲ್ಲ ತಪ್ಪನ್ನೂ ಬಿಟ್ಟುಬಿಟ್ಟರಂತೆ. ಅಕ್ಕನ ಯಂತ್ರ ಕೆಟ್ಟಿರಲಿಲ್ಲ. ಬಲಗಡೆಯ ಬೆಳಕು ನನಗೆ ಒಂದೂ ಕಂಡಿರಲಿಲ್ಲ. ಗರಗಸ ಡಾಕ್ಟರ ಹತ್ತಿರ ಅಪ್ಪ ಅಮ್ಮ ಇಬ್ಬರೂ ಹೋದರಂತೆ. ಈ ರೋಗ ತಲೆಗೆ ಹೋಗುವುದು ತೀರ ಅಪರೂಪ, ಅದೂ ಎದೆ ಶುಭ್ರವಾಗಿರುವಾಗ ಇನ್ನೂ ಅಪರೂಪ, ಬೇರೆ ಕಾರಣವೂ ಇರಬಹುದು, ಆದರೆ ನೋಡದೆ ಬಿಡುವ ಹಾಗಿಲ್ಲ ಎಂದರಂತೆ. ಸೋಮವಾರದ್ದು ತಲೆಯ ಸ್ಕ್ಯಾನ್. ಗಡ್ಡೆ ಒಂದೇ ಕಡೆ ಇದ್ದರೆ ತೆಗೆಯಲು ನೋಡಬಹುದಂತೆ. ಇಲ್ಲದಿದ್ದರೆ ಏನು ಎಂದು ಅಪ್ಪ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೋಟದ ವಿಷಯ ಈಗಲೇ ಡಾಕ್ಟರಿಗೆ ಹೇಳಬೇಕೆಂದು ಅಲ್ಲೇ ಕೂತು ಫೋನ್ ಮಾಡಿದರು. ನಾಳೆಯವರೆಗೂ ಕಾಯುವುದು ಬೇಡ, ಇವತ್ತೇ ಕರೆತನ್ನಿ ಎಂದಿದ್ದಾರೆ. ಅಮ್ಮ ಆಗಲೇ ಬಾಗಿಲ ಬಳಿಯಿಂದ "ಆಸ್ಪತ್ರೆಗೆ ಹೊರಡುವವರು ಕೂಡಲೇ ಹೊರಡಬೇಕು" ಎಂದು ಕೂಗುತ್ತಿದ್ದಾಳೆ. ಗಂಟಲು ವಾಪಸು ಬಂದಿದೆ. ಕೊನೆಯ ಪದದಲ್ಲಿ ಮಾತ್ರ ಒಡೆಯಿತು.

ನಾನು ಎರಡು ಷರತ್ತು ಹಾಕಿದೆ. ಏನು ಬಂದರೂ ಡಾಕ್ಟರು ನನ್ನ ಮುಂದೆ ಹೇಳಬೇಕು, ಬಾಗಿಲಾಚೆ ಅಲ್ಲ. ಇನ್ನು ಮೇಲೆ ನನ್ನ ಎಲ್ಲ ತಪ್ಪನ್ನೂ ಮೊದಲಿನ ಹಾಗೆ ಜೋರಾಗಿ ತಿದ್ದಬೇಕು, ಚಪ್ಪಲಿ ಗಂಟೆ ಹೊಡೆದರೆ ಮನೆಮಂದಿಯೆಲ್ಲ ನಗಬೇಕು. ಅಪ್ಪ ಒಪ್ಪಿದರು. ನಿನಗೆ ಫೋನ್ ಮಾಡಿದವರು ತಾವೇ ಎಂದೂ ಒಪ್ಪಿಕೊಂಡರು, ದ್ರೋಹಿ. ನಿನ್ನ ಮುಂದಿನ ಪತ್ರ ಬೈಗುಳದಿಂದ ಶುರುವಾಗದಿದ್ದರೆ ತೆರೆಯದೆ ವಾಪಸು ಕಳಿಸುತ್ತೇನೆ. ನೆಲಮಹಡಿಯ ಕೋಣೆ ಬಿಟ್ಟುಕೊಡಬೇಡ.

ಅಕ್ಕ ಚಪ್ಪಲಿ ತಂದಿಟ್ಟಿದ್ದಾಳೆ, ಕಾಲಿಗೆ ಹಾಕುವಂಥದ್ದೇ. ಹೊರಡಬೇಕು. ಲಕೋಟೆ ಅಂಟಿಸುವ ಮುಂಚೆ ಕೊನೆಯ ಪುಟವನ್ನು ಈಗಷ್ಟೇ ನೋಡಿದೆ. ನನ್ನ ಸಹಿಯ ಮೇಲೆ ನಾನು ಎಳೆದಿದ್ದ ಗೆರೆ ಹಾಗೇ ಇದೆ. ಅದರ ಕೆಳಗೆ ಅಪ್ಪ ಒತ್ತೊತ್ತಾಗಿ ಚುಕ್ಕೆಗಳನ್ನಿಟ್ಟಿದ್ದಾರೆ. ಅಂಚಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ, ಒಂದೇ ಪದ ಬರೆದಿದ್ದಾರೆ: ಇರಲಿ.